ಎಂಟು ಗಂಟೆಯ ಊರಿನಲ್ಲಿ ಒಂದು ಶನಿವಾರ

(ಫೆಬ್ರವರಿ ತಿಂಗಳ ಒಂದು ಭಾನುವಾರ ಲೋವರ್ ಹಟ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರವಾಸದ ಅನುಭವ ಕುರಿತು ಅರ್ಧ ಗಂಟೆ ಮಾತನಾಡಿ ಎಂದು ನೀವು ನನ್ನನ್ನು ಕೇಳಿಕೊಂಡಿದ್ದೀರಿ. ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಂದಿರ ಪ್ರವಾಸಕಥನ ಕನ್ನಡಕ್ಕೆ ಹೊಸದೇನಲ್ಲ. 'ಅಮೆರಿಕದಲ್ಲಿ ಗೊರೂರು' ಓದಿದವರಿಗೆ ಅದರ ಸೊಗಸೂ ಗೊತ್ತು. ಆದರೆ ಆ ಬಗೆಯ ಬರಹಗಳಲ್ಲಿ ಬಹುಪಾಲು ರಸ್ತೆಯ ಶುಚಿತ್ವ, ಸಾಲಿನ ಶಿಸ್ತು, ಅಂಗಡಿಯ ಅಗಾಧತೆ ಇವುಗಳಲ್ಲೇ ಮುಗಿದುಹೋಗುತ್ತವೆ. ನಾನು ನಿನ್ನೆಯ ಒಂದು ದಿನದ ಬಗ್ಗೆ ಮಾತ್ರ ಹೇಳುತ್ತೇನೆ. ಬೆಳಗ್ಗೆ ಪೆಟೋನಿಯಲ್ಲಿ ಅಲೆದೆ, ಮಧ್ಯಾಹ್ನ ಫ್ರೇಸರ್ ಪಾರ್ಕಿನಲ್ಲಿ ಸಾಫ್ಟ್‌ಬಾಲ್ ಆಟ ನೋಡಿದೆ. ಎರಡೂ ನಿಮಗೆ ನಿತ್ಯದ ಜಾಗಗಳು. ಹೊಸಬನ ಕಣ್ಣಿಗೆ ಕಂಡದ್ದನ್ನು ತಾಳ್ಮೆಯಿಂದ ಕೇಳಬೇಕು.

ಮೊದಲು ನನ್ನ ಪರಿಚಯ. ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು 26 ವರ್ಷ ಗುಮಾಸ್ತನಾಗಿದ್ದೆ. ಬರೆಯಲು ಆರಂಭಿಸಿದ್ದು ನಿವೃತ್ತಿಯ ನಂತರ. ಟೈಮ್ ಆಫೀಸೆಂದರೇನು ಎಂದು ಇಲ್ಲಿನ ಕಿರಿಯರಿಗೆ ತಿಳಿಯದಿರಬಹುದು. ಗೇಟಿನ ಪಕ್ಕದ ಆ ಕೋಣೆಯಲ್ಲಿ ಕುಳಿತವನು ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆದಿಡುತ್ತಾನೆ. ಹತ್ತು ನಿಮಿಷ ತಡವಾದರೆ ಹಾಜರಿಯ ಮುಂದೆ ಇಂಗ್ಲಿಷಿನ ಎಲ್ ಅಕ್ಷರ. ಅಂಥ ಮೂರು ಅಕ್ಷರ ಸೇರಿದರೆ ಅರ್ಧ ದಿನದ ಸಂಬಳ ಕಡಿತ. ನನ್ನ ಅಕ್ಷರ ಚೆನ್ನಾಗಿತ್ತು ಎಂಬ ಕಾರಣಕ್ಕೇ ಆ ಕೆಲಸ ನನಗೆ ಸಿಕ್ಕಿತು.

ನಿನ್ನೆ ಮಗಳಿಗೆ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಅಳಿಯ ನನ್ನನ್ನು ಪೆಟೋನಿಯಲ್ಲಿ ಬಿಟ್ಟು, ಮಧ್ಯಾಹ್ನ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಹೋದ. ಪೆಟೋನಿ ಎಂಬುದು ಪಿಟೊ-ಒನೆ ಎಂಬ ಮಾವೋರಿ ಹೆಸರಿನ ಇಂಗ್ಲಿಷ್ ರೂಪ. ಮರಳದಂಡೆಯ ತುದಿ ಎಂದು ಅರ್ಥ. 1840ರ ಜನವರಿ 22ರಂದು 'ಅರೋರಾ' ಎಂಬ ಹಡಗು ನ್ಯೂಜಿಲೆಂಡ್ ಕಂಪನಿಯ ಮೊದಲ ವಲಸೆಗಾರರನ್ನು ತಂದು ಇಳಿಸಿದ್ದು ಈ ದಂಡೆಯಲ್ಲಿ. ಆದರೆ ನಾವು ಇಂದು ನಿಲ್ಲುವ ಅಂಚು ಅವರು ಕಾಲಿಟ್ಟ ಅಂಚಲ್ಲ. 1855ರ ಜನವರಿ 23ರ ಮಹಾಭೂಕಂಪದಲ್ಲಿ ಇಲ್ಲಿನ ನೆಲ ಮೇಲೆದ್ದಿತು, ಕಡಲು ಹಿಂದೆ ಸರಿಯಿತು. ವೆಲಿಂಗ್ಟನ್ನಿನಲ್ಲಿ ಹಡಗು ಕಟ್ಟೆಯಾಗಬೇಕೆಂದು ಯೋಜಿಸಿದ್ದ ಒಂದು ಕೆರೆಯೂ ಅದೇ ಕಂಪನದಲ್ಲಿ ಬರಿದಾಗಿ ಮುಂದೆ ಬೇಸಿನ್ ರಿಸರ್ವ್ ಎಂಬ ಕ್ರಿಕೆಟ್ ಮೈದಾನವಾಯಿತು. 1968ರಲ್ಲಿ ಆ ಮೈದಾನದಲ್ಲಿ ಭಾರತ ಟೆಸ್ಟ್ ಗೆದ್ದಿತು. ಭಾರತ ಹೊರನಾಡಿನಲ್ಲಿ ಗೆದ್ದ ಮೊದಲ ಟೆಸ್ಟ್ ಸರಣಿಯೂ ಅದೇ. ಆ ಸರಣಿಯಲ್ಲಿ 24 ವಿಕೆಟ್ ಕಿತ್ತವರು ನಮ್ಮ ಬೆಂಗಳೂರಿನ ಪ್ರಸನ್ನ. ನೆಲವೇ ಎದ್ದು ಕೊಟ್ಟ ಮೈದಾನದಲ್ಲಿ ನಮ್ಮ ಊರಿನವರು ಚೆಂಡು ತಿರುಗಿಸಿದರು ಎಂಬುದನ್ನು ನೆನೆದು ಒಬ್ಬನೇ ಸಂತೋಷಪಟ್ಟೆ.

ದಂಡೆಯ ಮೇಲಿರುವ ಪೆಟೋನಿ ಸೆಟ್ಲರ್ಸ್ ಮ್ಯೂಸಿಯಂ, ಆ ಬರವಿನ ನೂರನೆಯ ವರ್ಷದ ಸ್ಮಾರಕ ಕಟ್ಟಡದಲ್ಲಿದೆ. ಬಂದವರ ಸ್ಮಾರಕ ಅದು. ಆಗಲೇ ಇದ್ದವರನ್ನು ಕಾಣಬೇಕಾದರೆ ಮನೆಗಳ ನಡುವೆ ಸ್ವಲ್ಪ ದೂರ ನಡೆದು ತೆ ಪುನಿ ಬೀದಿಗೆ ಹೋಗಬೇಕು. ಅಲ್ಲಿನ ಪುಟ್ಟ ಸ್ಮಶಾನದಲ್ಲಿ ತೆ ಆತಿ ಆವಾ ಜನರ ಮುಖಂಡ ತೆ ಪುನಿ ಮಲಗಿದ್ದಾನೆ. 1839ರ ಸೆಪ್ಟೆಂಬರಿನಲ್ಲಿ ಕಂಪನಿಯವರು 'ಟೋರಿ' ಹಡಗಿನಲ್ಲಿ ಬಂದು, ಆತನೂ ತೆ ಫಾರೆಪೌರಿ ಮೊದಲಾದ ಮುಖಂಡರೂ ಒಂದು ಕಾಗದಕ್ಕೆ ಗುರುತು ಹಾಕುವಂತೆ ಮಾಡಿದರು. ಇಡೀ ಬಂದರು ಪ್ರದೇಶಕ್ಕೆ ಕೊಟ್ಟ ಬೆಲೆ ಕಂಬಳಿ, ಕೋವಿ, ಕೊಡೆ, ಅರಗು ಮುಂತಾದ ಸರಕು. ಆ ಕಾಗದ ಸಿಂಧುವಲ್ಲವೆಂದು ವೈತಾಂಗಿ ನ್ಯಾಯಮಂಡಳಿ 2003ರಲ್ಲಿ ಹೇಳಿತು. ಪರಿಹಾರದ ಕಾಯಿದೆ 2009ರಲ್ಲಿ ಬಂದಿತು. ನಡುವೆ 170 ವರ್ಷ. ಬಂದಿಳಿದ ವಲಸೆಗಾರರಿಗೆ ಮೊದಲ ಗುಡಿಸಲು ಕಟ್ಟಿಕೊಟ್ಟವರೂ ಉಣ್ಣಲು ಕೊಟ್ಟವರೂ ತೆ ಆತಿ ಆವಾ ಜನರೇ. ಆ ದುಡಿಮೆಗೆ ಹಾಜರಿ ಪುಸ್ತಕವಿರಲಿಲ್ಲ.

ಈ ಕಂಪನಿಯ ಹಿಂದಿದ್ದ ತಲೆ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್ ಎಂಬಾತನದು. ವಸಾಹತಿನಲ್ಲಿ ನೆಲ ಅಗ್ಗವಾಗಿ ಸಿಕ್ಕರೆ ಕೂಲಿಯವನು ಕೂಲಿಯಾಗಿ ಉಳಿಯುವುದಿಲ್ಲ, ತಾನೇ ಒಡೆಯನಾಗುತ್ತಾನೆ; ಆದ್ದರಿಂದ ನೆಲಕ್ಕೆ ಅವನ ಕೈಗೆಟುಕದ ಬೆಲೆ ಕಟ್ಟಿ, ಹಲವು ವರ್ಷ ಇನ್ನೊಬ್ಬರ ಬಳಿ ದುಡಿಯುವಂತೆ ಮಾಡಬೇಕು ಎಂಬುದು ಅವನ ಸಿದ್ಧಾಂತ. 'ಬಂಡವಾಳ'ದ ಮೊದಲ ಸಂಪುಟದ ಕೊನೆಯ ಅಧ್ಯಾಯವನ್ನು ಮಾರ್ಕ್ಸ್ ಮೀಸಲಿಟ್ಟಿದ್ದು ಇವನಿಗೇ. ಯೂರೋಪಿನಲ್ಲಿ ಮುಚ್ಚಿಟ್ಟ ಸತ್ಯವನ್ನು ವಸಾಹತಿನ ಸಂದರ್ಭದಲ್ಲಿ ಈತ ಬಾಯಿಬಿಟ್ಟು ಹೇಳಿದನಲ್ಲ ಎಂಬ ಕಾರಣಕ್ಕೆ. ಆ ಅಧ್ಯಾಯವನ್ನು ನಾನು ಯೂನಿಯನ್ ಗೆಳೆಯರೊಬ್ಬರಿಂದ ತಂದು ಓದಿದಾಗ ಪೆಟೋನಿ ಎಲ್ಲಿದೆಯೆಂದೇ ಗೊತ್ತಿರಲಿಲ್ಲ.

ಆದರೆ ಲೆಕ್ಕ ತಪ್ಪಿದ್ದೂ ಇಲ್ಲಿಯೇ. 1840ರ ಫೆಬ್ರವರಿ 8ರಂದು 'ಡ್ಯೂಕ್ ಆಫ್ ರಾಕ್ಸ್‌ಬರೋ' ಹಡಗಿನಲ್ಲಿ ಲಂಡನ್ನಿನ ಬಡಗಿ ಸ್ಯಾಮ್ಯುಯೆಲ್ ಪಾರ್ನೆಲ್ ಬಂದಿಳಿದ. ಅದೇ ಹಡಗಿನಲ್ಲಿ ಬಂದ ಜಾರ್ಜ್ ಹಂಟರ್ ಎಂಬ ವ್ಯಾಪಾರಿ ತನಗೊಂದು ಉಗ್ರಾಣ ಕಟ್ಟಿಕೊಡೆಂದು ಕೇಳಿದ. ಕಟ್ಟುತ್ತೇನೆ, ಆದರೆ ದಿನಕ್ಕೆ ಎಂಟೇ ಗಂಟೆ ಎಂದ ಪಾರ್ನೆಲ್. ಎಂಟು ದುಡಿಮೆಗೆ, ಎಂಟು ನಿದ್ದೆಗೆ, ಉಳಿದ ಎಂಟು ತನಗೆ. ಲಂಡನ್ನಿನಲ್ಲಿ ಬೆಳಗಿನ ಆರಕ್ಕೆ ಗಂಟೆ ಬಾರಿಸುತ್ತದೆ, ಆ ಹೊತ್ತಿಗೆ ಬಾರದವನ ಕಾಲು ದಿನದ ಕೂಲಿ ಹೋಗುತ್ತದೆ ಎಂದು ಹಂಟರ್ ನೆನಪಿಸಿದ. ನಾವೀಗ ಲಂಡನ್ನಿನಲ್ಲಿಲ್ಲವಲ್ಲ ಎಂಬುದು ಬಡಗಿಯ ಉತ್ತರ. ಊರಿನಲ್ಲಿ ಬಡಗಿಗಳು ಬೆರಳೆಣಿಕೆಯವರು. ಹಂಟರನಿಗೆ ಒಪ್ಪದೆ ಗತಿ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ವೆಲಿಂಗ್ಟನ್ನಿನ ಕೆಲಸಗಾರರು ಸಭೆ ಸೇರಿ, ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಮಾತ್ರ ಕೆಲಸವೆಂದೂ, ಇದಕ್ಕಿಂತ ಕಡಿಮೆಗೆ ಒಪ್ಪಿದವನನ್ನು ಕಡಲಿನಲ್ಲಿ ಅದ್ದುವುದೆಂದೂ ನಿರ್ಣಯಿಸಿದರು. ಐವತ್ತು ವರ್ಷಗಳ ನಂತರ, 1890ರ ಅಕ್ಟೋಬರ್ 28ರ ಮೊದಲ ಕಾರ್ಮಿಕ ದಿನದ ಮೆರವಣಿಗೆಯಲ್ಲಿ ಮುದಿ ಪಾರ್ನೆಲ್‌ನನ್ನು ಗೌರವದಿಂದ ಕರೆದೊಯ್ದರು. ಅದೇ ಡಿಸೆಂಬರಿನಲ್ಲಿ ಆತ ತೀರಿಕೊಂಡ.

ಕಾಲು ದಿನದ ಕೂಲಿಯ ಆ ಮಾತು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ಆರಕ್ಕೆ ಗಂಟೆ ಬಾರಿಸುವವನೂ ಒಬ್ಬ ಇದ್ದಿರಬೇಕಲ್ಲವೇ? ಚರಿತ್ರೆ ಅವನ ಹೆಸರು ಬರೆದಿಟ್ಟಿಲ್ಲ. ಅವನ ಪೀಠದ ಮೇಲೆ ನಾನು 26 ವರ್ಷ ಕುಳಿತಿದ್ದೆ.

ಪಾರ್ನೆಲ್‌ನನ್ನು ಪೂಜಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆತ ಗೆದ್ದದ್ದು ಕುಶಲಕರ್ಮಿಗಳಿಗೆ, ಅದೂ ಕೈಗಳ ಅಭಾವವಿದ್ದ ಕಾಲದಲ್ಲಿ. ಆತನ ಅಡುಗೆ ಬೇಯಿಸಿದವರ ಎಂಟು ಗಂಟೆಯ ಮಾತು ಎಲ್ಲೂ ಬರುವುದಿಲ್ಲ. ಜಾಕ್ಸನ್ ರಸ್ತೆಯ ಹಳೆಯ ಅಂಗಡಿ ಸಾಲು ದಾಟಿ ಪ್ಯಾಟ್ರಿಕ್ ಬೀದಿಗೆ ಹೋದರೆ ಇನ್ನೊಂದು ಪಾಠವಿದೆ. 1905ರ ಕಾಯಿದೆಯಡಿ ಸರ್ಕಾರ ಕಾರ್ಮಿಕರಿಗಾಗಿ ಕಟ್ಟಿಸಿದ ಚೆಂದದ ಮರದ ಮನೆಗಳು ಇಂದಿಗೂ ಅಲ್ಲಿವೆ. ಬಾಡಿಗೆಯ ಜೊತೆಗೆ ವೆಲಿಂಗ್ಟನ್ನಿಗೆ ಹೋಗಿಬರುವ ರೈಲಿನ ಖರ್ಚೂ ಸೇರಿ, ಆರಂಭದಲ್ಲಿ ಅವುಗಳಿಗೆ ಅರ್ಜಿ ಹಾಕಿದವರೇ ವಿರಳ. ಯಾರಿಗಾಗಿ ಕಟ್ಟಿದರೋ ಅವರಿಗೆ ಎಟುಕದ ಮನೆ! ನಮ್ಮ ಕೊಳೆಗೇರಿ ಮಂಡಳಿಯ ಕಥೆಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಅಳಿಯ ಬಂದದ್ದು ಎರಡು ಗಂಟೆಗೆ. ಹಟ್ ನದಿಯ, ಅಂದರೆ ತೆ ಆವಾ ಕೈರಂಗಿಯ ಬದಿಯಲ್ಲಿ ಮೇಲಕ್ಕೆ ಹೋಗಿ ಫ್ರೇಸರ್ ಪಾರ್ಕ್ ತಲುಪಿದೆವು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಚೆಂಡು ಅದಕ್ಕಿಂತ ದೊಡ್ಡದು, ಮೈದಾನ ಚಿಕ್ಕದು, ಇನ್ನಿಂಗ್ಸ್ ಏಳು. ಹೆಸರಿನಲ್ಲಿ ಮಾತ್ರ ಮೃದು. ಎಸೆಯುವವಳು ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಸುತ್ತು ತಿರುಗಿಸಿ ಸೊಂಟದ ಬದಿಯಿಂದ ಚೆಂಡನ್ನು ಬಿಟ್ಟಾಗ, ಅದು ಹಿಡಿಯುವವಳ ಕೈಗವಸಿಗೆ ಬಡಿದ ಸದ್ದು ಬೇಲಿಯಾಚೆಗೂ ಕೇಳಿಸುತ್ತಿತ್ತು. ಕ್ರಿಕೆಟ್ ಕಣ್ಣಿನ ನನಗೆ ಮೊದಲೆರಡು ಇನ್ನಿಂಗ್ಸ್ ಏನೂ ತಿಳಿಯಲಿಲ್ಲ. ಆಮೇಲೆ ಚೌಕಾಬಾರ ನೆನಪಾಯಿತು. ಮೂರು ಬೇಸುಗಳು ಮೂರು ಕಟ್ಟೆಮನೆ. ಅಲ್ಲಿ ನಿಂತ ಕಾಯಿಯನ್ನು ಕಡಿಯುವಂತಿಲ್ಲ. ಕಟ್ಟೆಯಿಂದ ಕಟ್ಟೆಗೆ ಓಡುವಾಗ ಸಿಕ್ಕಿಬಿದ್ದರೆ ಹೋಯಿತು. ಸುತ್ತು ಮುಗಿಸಿ ಹೊರಟಲ್ಲಿಗೇ ಬಂದರೆ ಕಾಯಿ ಹಣ್ಣು, ತಂಡಕ್ಕೊಂದು ರನ್ನು. ಇದನ್ನು ಅಳಿಯನಿಗೆ ಹೇಳಿದರೆ ಆತ ನಕ್ಕ. ಆತ ಚೌಕಾಬಾರ ಆಡಿದ್ದು ಅಜ್ಜಿಯ ಮನೆಯಲ್ಲಿ ಒಂದೇ ಬೇಸಿಗೆಯಂತೆ.

ಈ ಆಟ ಇಲ್ಲಿಗೆ ಬಂದ ಬಗೆಯೂ ಕಾರ್ಖಾನೆಯದೇ ಕಥೆ. 1936ರಲ್ಲಿ ಲೋವರ್ ಹಟ್‌ನ ಸೀವ್ಯೂದಲ್ಲಿ ಫೋರ್ಡ್ ಮೋಟಾರು ಕಾರ್ಖಾನೆ ಆರಂಭವಾಯಿತು. ಅಲ್ಲಿ ಕೆಲಸಕ್ಕೆ ಬಂದ ಕೆನಡಾದ ವಿಲ್ಸನ್ ಎಂಬವನು ಸಾಫ್ಟ್‌ಬಾಲನ್ನು ಹೊತ್ತು ತಂದ. ಅದೇ 1936ರಲ್ಲಿ ಲೇಬರ್ ಸರ್ಕಾರ ವಾರಕ್ಕೆ 40 ಗಂಟೆಯ ಕಾಯಿದೆ ತಂದು, ಶನಿವಾರವನ್ನು ದುಡಿಯುವವರ ಕೈಗೆ ಕೊಟ್ಟಿತ್ತು. ಒಂದು ಚೆಂಡು, ಒಂದು ದೊಣ್ಣೆ, ಒಂದಿಷ್ಟು ಬಯಲು ಮತ್ತು ಬಿಡುವಾದ ಒಂದು ಮಧ್ಯಾಹ್ನ: ಈ ಆಟಕ್ಕೆ ಇಷ್ಟು ಸಾಕು. ಇವುಗಳಲ್ಲಿ ಸಿಗಲು ಕಷ್ಟವಾದದ್ದು ಕೊನೆಯದು. ಆಟ ಅಷ್ಟು ಬೇಗ ಬೇರೂರಿದ್ದಕ್ಕೆ ಆ ಕಾಯಿದೆಗೂ ಪಾಲಿದೆ ಎಂಬುದು ನನ್ನ ಊಹೆ. ಇತಿಹಾಸಕಾರರು ಜಗಳಕ್ಕೆ ಬಂದರೆ ನಾನು ಸಿದ್ಧ. ಮುಂದೆ ತೈತಾ, ನೈನೈ ಕಡೆ ಸರ್ಕಾರಿ ಮನೆಗಳು ಸಾಲುಸಾಲಾಗಿ ಎದ್ದವು. ಇಂದು ಆ ಕಾರ್ಖಾನೆ ಇಲ್ಲ, ಪೆಟೋನಿಯ ಮಾಂಸದ ಕಾರ್ಖಾನೆಯೂ ಇಲ್ಲ. 1991ರ ಕಾನೂನು ಯೂನಿಯನ್ನುಗಳ ಬೆನ್ನೆಲುಬನ್ನೂ ಮುರಿಯಿತು. ಆಟ ಉಳಿದಿದೆ. ನಿನ್ನೆ ಬಯಲಿನಲ್ಲಿದ್ದ ಮುಖಗಳಲ್ಲಿ ಹೆಚ್ಚಿನವು ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳ ಜನರವು. ಈ ದೇಶದ ಪುರುಷರ ತಂಡ ಏಳು ಬಾರಿ ವಿಶ್ವ ಚಾಂಪಿಯನ್ ಆಗಿದೆಯೆಂದರೆ ಬೆಂಗಳೂರಿನಲ್ಲಿ ನಂಬುವವರಿಲ್ಲ. ಮೊದಲನೆಯದು 1976ರಲ್ಲಿ, ಇದೇ ಲೋವರ್ ಹಟ್‌ನಲ್ಲಿ. ಮಳೆ ಹಿಡಿದು ಅಂತಿಮ ಪಂದ್ಯಗಳೇ ಕೊಚ್ಚಿಹೋಗಿ, ನ್ಯೂಜಿಲೆಂಡ್, ಕೆನಡಾ, ಅಮೆರಿಕ ಮೂವರೂ ಕಿರೀಟ ಹಂಚಿಕೊಂಡರು. ಟಾಸು ಹಾಕದೆ, ಸೂತ್ರ ಹುಡುಕದೆ ಹಂಚಿಕೊಂಡರಲ್ಲ, ಅದು ನನಗೆ ಇಷ್ಟವಾಯಿತು.

ಕ್ರಿಕೆಟ್ ಬಿಟ್ಟು ಇದೇನು ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ರಚಿನ್ ರವೀಂದ್ರ ಬೆಳೆದದ್ದು ಹಟ್ ಹಾಕ್ಸ್ ಕ್ಲಬ್ಬಿನಲ್ಲಿ, ಬೆಂಗಳೂರು ಮೂಲದ ತಂದೆಯ ಆಸ್ಥೆಯಲ್ಲಿ; 2024ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಆತ 134 ಹೊಡೆದಾಗ ಸೋತ ದುಃಖವನ್ನೂ ಮೀರಿ ನಾವು ಚಪ್ಪಾಳೆ ತಟ್ಟಿದ್ದೆವು. ಸರಿ. ಆದರೆ ನಾನು ನಿನ್ನೆ ನೋಡಿದ ಹುಡುಗಿಯರನ್ನು ಯಾವ ಟಿ.ವಿ.ಯೂ ತೋರಿಸುವುದಿಲ್ಲ. ಎಸೆಯುತ್ತಿದ್ದವಳು ಸೂಪರ್ ಮಾರ್ಕೆಟ್ಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು ಎಂದು ಪಕ್ಕದಲ್ಲಿ ಕುಳಿತಿದ್ದ ಹಿರಿಯ ಮಹಿಳೆ ಹೇಳಿದರು. ಆಕೆ ಅಂಕಪುಸ್ತಕ ಬರೆಯುತ್ತಿದ್ದರು. ಪುಸ್ತಕವೆಂದರೆ ನನಗೆ ಹಳೆಯ ಚಟ, ಇಣುಕಿ ನೋಡಿದೆ. ಆಕೆ ಮಡಿಲಿನ ಮೇಲಿದ್ದ ಪುಸ್ತಕವನ್ನು ನನ್ನ ಕಡೆಗೆ ಸರಿಸಿ, ಚೌಕದೊಳಗೆ ಓಟದ ಗೆರೆ ಎಳೆಯುವುದನ್ನು, ಹೊಡೆಯಲಾರದೆ ಔಟಾದವಳಿಗೆ ಕೆ ಎಂದು ಬರೆಯುವುದನ್ನು ಕಲಿಸಿದರು.

ಸುತ್ತಲೂ ತಾಯಂದಿರು, ಅಜ್ಜಿಯರು, ಮಡಿಸುವ ಕುರ್ಚಿ, ಫ್ಲಾಸ್ಕು. ಪ್ರತಿ ಆಟಗಾರ್ತಿಗೂ ಹೆಸರು ಹಿಡಿದು ಕೂಗುವವರೊಬ್ಬರು ಇದ್ದರು. ಅಲ್ಲಿ ಕುಳಿತು ನನಗೆ ಒಂದು ಘಟನೆ ನೆನಪಾಯಿತು. ಹೇಳದೆ ಹೋದರೆ ಇಷ್ಟು ಹೊತ್ತಿನ ಮಾತು ಸುಳ್ಳಾಗುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಳು. ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಳು. ವಲಯ ಮಟ್ಟದ ಕ್ರೀಡಾಕೂಟದಲ್ಲಿ 200 ಮೀಟರ್ ಓಟಕ್ಕೆ ಆಯ್ಕೆಯಾಗಿದ್ದಳು. ಶುಕ್ರವಾರ ಹನ್ನೊಂದರಿಂದ ಒಂದರವರೆಗೆ ಎರಡು ಗಂಟೆ ಪರ್ಮಿಷನ್ ಬೇಕೆಂದು ಆಕೆ ನನ್ನ ಕಿಟಕಿಯ ಮುಂದೆ ನಿಂತಳು. "ಸಾರ್, ಅವಳು ಓಡೋದನ್ನ ನಾನು ಒಂದು ಸಲಾನೂ ನೋಡಿಲ್ಲ" ಎಂದಳು. ಅದು ಶಿಪ್‌ಮೆಂಟಿನ ವಾರ. ಸೂಪರ್‌ವೈಸರನ್ನು ಕೇಳಿ ನೋಡುತ್ತೇನೆ ಎಂದಾದರೂ ಹೇಳಬಹುದಿತ್ತು, ಹೇಳಲಿಲ್ಲ. ನಿಯಮ ಹೇಳಿದೆ. ಆಕೆ ವಾದಿಸದೆ ಯಂತ್ರಕ್ಕೆ ಮರಳಿದಳು. ಮರುದಿನ ಬೆಳಗ್ಗೆ ಬಂದು ನನ್ನ ಮೇಜಿನ ಮೇಲೆ ಎರಡು ಪೆಪ್ಪರಮೆಂಟು ಇಟ್ಟಳು. ಮಗಳು ಎರಡನೆಯವಳಾಗಿ ಬಂದಳಂತೆ. ಎಲ್ಲರಿಗೂ ಹಂಚುತ್ತಿದ್ದಳು, ನನಗೂ ಕೊಟ್ಟಳು. ವ್ಯಂಗ್ಯವಾಗಿ ಕೊಟ್ಟಿದ್ದರೆ ನಾನು ಇಷ್ಟು ದಿನ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ನಿಯಮಗಳ ವಿಷಯಕ್ಕೇ ಬರೋಣ. ಭಾರತದ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆಯಿದ್ದ ದುಡಿಮೆಯ ಮಿತಿಯನ್ನು 48ಕ್ಕೆ ಇಳಿಸಿದ್ದು 1946ರ ತಿದ್ದುಪಡಿ. ಆ ಮಸೂದೆಯನ್ನು ಮಂಡಿಸಿದವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಅಂಬೇಡ್ಕರ್. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿಯವರು ಹೇಳಿದರು. 2024ರ ಜುಲೈಯಲ್ಲಿ ಐಟಿ ಕ್ಷೇತ್ರಕ್ಕೆ 14 ಗಂಟೆಯ ಪ್ರಸ್ತಾವ ಬಂದಿತು. ಐಟಿ ನೌಕರರ ಸಂಘ ಬೀದಿಗಿಳಿಯಿತು. ಪಕ್ಷ ಬದಲಾದರೂ ಪ್ರಸ್ತಾವ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ವಾರದ ಒಟ್ಟು 48 ಗಂಟೆ ಹಾಗೆಯೇ ಇರುತ್ತದಲ್ಲ, ಇನ್ನೇನು ತೊಂದರೆ ಎಂದು ಕೇಳುವವರಿದ್ದಾರೆ. ಟೈಮ್ ಆಫೀಸಿನಲ್ಲಿದ್ದವನಾಗಿ ಹೇಳುತ್ತೇನೆ: ಕಾಗದದ ಮೇಲೆ 48 ಎಂದು ಬರೆಯುವುದು ಬಹಳ ಸುಲಭ. ಹನ್ನೆರಡು ಗಂಟೆ ದುಡಿದು, ಬಸ್ಸಿನಲ್ಲಿ ಎರಡು ಗಂಟೆ ನಿಂತು ಮನೆಗೆ ಬಂದವಳಿಗೆ ಮಗು ಎಚ್ಚರವಾಗಿ ಸಿಗುವುದಿಲ್ಲ. ಅವಳು ಕಳೆದುಕೊಂಡ ಆ ಹೊತ್ತನ್ನು ಬರೆದಿಡುವ ಕಾಲಂ ಯಾವ ಪುಸ್ತಕದಲ್ಲೂ ಇಲ್ಲ.

ನೀವು ಇದೆಲ್ಲ ಬಿಟ್ಟು ದೂರ ಬಂದವರು ಎಂದು ನಾನು ಭಾವಿಸಿದ್ದೆ. ನಿನ್ನೆ ಸಂಜೆ ಐದಕ್ಕೆ ಆರನೆಯ ಇನ್ನಿಂಗ್ಸ್ ನಡೆದಿತ್ತು. ತಂಡಗಳು ಸಮವಾಗಿದ್ದವು, ಮೂರನೆಯ ಕಟ್ಟೆಯಲ್ಲಿ ಒಬ್ಬಳು ಓಡಲು ಕಾದು ಬಗ್ಗಿ ನಿಂತಿದ್ದಳು. ಅಳಿಯನ ಫೋನು ಮೊಳಗಿತು. ಇಲ್ಲಿ ಐದೆಂದರೆ ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಅಲ್ಲಿನ ತಂಡಕ್ಕೆ ಶನಿವಾರವೂ ಕೆಲಸವಿತ್ತಂತೆ. ಹಗಲೆಲ್ಲ ಇಲ್ಲಿನವರಿಗೆ, ಸಂಜೆಯ ಮೇಲೆ ಅಲ್ಲಿನವರಿಗೆ. ಪಾರ್ನೆಲ್‌ನ ಮೂರನೆಯ ಎಂಟು ಗಂಟೆಯನ್ನು ಬೆಂಗಳೂರು ಹೀಗೆ ಪೆಟೋನಿಯ ಪಕ್ಕದಲ್ಲೇ ಕೈಚಾಚಿ ತೆಗೆದುಕೊಳ್ಳುತ್ತಿದೆ. "ಎರಡೇ ನಿಮಿಷ ಮಾವ" ಎಂದು ಆತ ಕಾರಿನ ಕಡೆಗೆ ನಡೆದ. ಕಾರಿನೊಳಗೆ ಲ್ಯಾಪ್‌ಟಾಪ್ ತೆರೆದದ್ದು ದೂರದಿಂದ ಕಾಣಿಸಿತು. ಚೆಂಡು ಬೇಲಿಯ ಬುಡಕ್ಕೆ ಹೋಯಿತು, ಆ ಹುಡುಗಿ ಧೂಳಿನಲ್ಲಿ ಜಾರಿಕೊಂಡು ಮನೆ ಮುಟ್ಟಿದಳು, ಇಡೀ ಬಯಲು ಎದ್ದು ನಿಂತಿತು. ಆತ ತಲೆಯೆತ್ತಲಿಲ್ಲ. ಇದನ್ನು ಹೇಳಲು ಅವನ ಒಪ್ಪಿಗೆ ಕೇಳಿದ್ದೇನೆ. ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ನಿಮ್ಮಲ್ಲಿ ಎಷ್ಟು ಜನರ ಫೋನು ಐದಕ್ಕೆ ಮೊಳಗುತ್ತದೆ ಎಂದು ನಾನು ಕೈಯೆತ್ತಿಸಿ ಕೇಳುವುದಿಲ್ಲ. ಆದರೆ ಈ ಸಭೆಯ ನಂತರ ಚಹಾ ಕುಡಿಯುವಾಗ ನೀವೇ ಪರಸ್ಪರ ಕೇಳಿಕೊಳ್ಳಿ, ಮತ್ತು ಅಲ್ಲಿನ ಸಂಘದವರಿಗೆ ಇಲ್ಲಿಂದ ಒಂದು ಪತ್ರ ಬರೆಯಲಾದೀತೇ ಎಂದು ಯೋಚಿಸಿ. ಫೋನಿನ ಎರಡೂ ತುದಿಯಲ್ಲಿರುವವರು ನಾವೇ.

ಕೊನೆಯ ಇನ್ನಿಂಗ್ಸಿನ ಹೊತ್ತಿಗೆ ಅಂಕ ಬರೆಯುತ್ತಿದ್ದ ಆ ಹಿರಿಯರು ಮೊಮ್ಮಗಳನ್ನು ಶೌಚಾಲಯಕ್ಕೆ ಕರೆದೊಯ್ಯಬೇಕಾಯಿತು. ಪೆನ್ಸಿಲನ್ನು ನನ್ನ ಕೈಯಲ್ಲಿಟ್ಟು, ನೀವು ಬರೆಯಿರಿ, ಬಂದೆ ಎಂದರು. ಇಬ್ಬರು ಆಟಗಾರ್ತಿಯರ ಸರದಿಯನ್ನು ನಾನು ಬರೆದೆ. ಒಬ್ಬಳಿಗೆ ಕೆ. ಇನ್ನೊಬ್ಬಳಿಗೆ ಚೌಕದ ಸುತ್ತ ಮೊದಲ ಕಟ್ಟೆಯವರೆಗೆ ಒಂದು ಗೆರೆ. ಆಕೆ ಮರಳಿ ಬಂದು ಪುಟ ನೋಡಿ, ಅಕ್ಷರ ಚೆನ್ನಾಗಿದೆ ಎಂದರು.